ಸಂಜೆ ತುಂಬಿದ ಈಡು

ಕೇಪಿನ ಕೋವಿಯದು ವಿಚಿತ್ರ ಸ್ವಭಾವ. ರಾತ್ರಿ ಗದ್ದೆಗೆ ಯಾವ ಪ್ರಾಣಿ ಇಳಿಯುತ್ತದೋ ಗೊತ್ತಿಲ್ಲ, ಆದರೂ ಸಂಜೆಯೇ ನಳಿಗೆ ತುಂಬಿಡಬೇಕು. ಮೊದಲು ಮದ್ದು ಅಳೆದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನೋ ಬಟ್ಟೆಯ ಚೂರನ್ನೋ ತುರುಕಿ, ಗಜದ ಕೋಲು ಹಾಕಿ ಒತ್ತಬೇಕು. ಆಮೇಲೆ ಚರೆ ಅಥವಾ ಗುಂಡು, ಅದು ಜಾರದಂತೆ ಮತ್ತೊಂದು ಬಿಗಿತ. ಕೊನೆಗೆ ಕುದುರೆ ಎತ್ತಿ ತೊಟ್ಟಿನ ಮೇಲೆ ಕೇಪು ಕೂರಿಸಬೇಕು. ಕೈ ಪಳಗಿದವನಿಗೆ ಹಗಲಿನಲ್ಲೇ ಇದಕ್ಕೆ ಅರ್ಧ ನಿಮಿಷ ಬೇಕು. ಕತ್ತಲಲ್ಲಿ, ಮಳೆಯಲ್ಲಿ, ಮಾಳದ ಇಕ್ಕಟ್ಟಿನಲ್ಲಿ ಎಷ್ಟು ಹೊತ್ತಾಗುತ್ತದೆಂದು ಹೇಳಲಾಗದು. ತೋಟಾ ಕೋವಿಯವನು ಮನಸ್ಸು ಬದಲಾಯಿಸಬಹುದು: ನಳಿಗೆ ಮುರಿದು ಸಣ್ಣ ಚರೆಯ ತೋಟಾ ತೆಗೆದು ಎಲ್‌ಜಿ ಎಂಬ ದಪ್ಪ ಚರೆಯದನ್ನು ಹಾಕಿದರಾಯಿತು. ಕೇಪಿನ ಕೋವಿಯವನಿಗೆ ಆ ಅವಕಾಶ ಇಲ್ಲ. ತುಂಬಿದ್ದನ್ನು ಹಾರಿಸಬೇಕು, ಇಲ್ಲವೇ ಬೆಳಗಿನ ತನಕ ಹಾಗೇ ಇಟ್ಟುಕೊಳ್ಳಬೇಕು.

ಇಂಥ ಕೋವಿಗೆ ಯಾವ ಗುಂಡು ಸರಿ ಎಂಬುದು ಹಲವು ಕಡೆ ಚರ್ಚೆಯ ವಿಷಯವಾಗಲು ಇದೂ ಒಂದು ಕಾರಣ. ಅಮೆರಿಕದ ಜಿಂಕೆ ಬೇಟೆಗಾರರು ಸೀಸದ ಉಂಡೆ ಒಳ್ಳೆಯದೋ, ಉದ್ದನೆಯ ಶಂಕುಗುಂಡೋ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂತು ಹೊರಡುವ ಸ್ಯಾಬೊ ಗುಂಡೋ ಎಂದು ವರ್ಷಗಟ್ಟಲೆ ವಾದ ಮಾಡುತ್ತಾರೆ. ಜೋಯಿಡಾ ತಾಲ್ಲೂಕಿನ ಉಳವಿ, ಗುಂದ, ನಂದಿಗದ್ದೆಗಳ ಕಡೆ ಬೆಳೆ ಕಾಯುವವನ ಮುಂದಿರುವ ಆಯ್ಕೆ ಬೇರೆಯದು: ಚರೆ, ಗುಂಡು, ಇಲ್ಲವೇ ಏನೂ ಇಲ್ಲದ ಬರಿ ಮದ್ದು. ಎರಡೂ ಕಡೆಯ ಕೋವಿ ಒಂದೇ ತತ್ತ್ವದ್ದು. ಇಷ್ಟೊಂದು ವ್ಯತ್ಯಾಸ ಬಂದದ್ದಕ್ಕೆ ಕಾಡಿಗಿಂತ ಕಾನೂನು ಮತ್ತು ಚರಿತ್ರೆ ಹೆಚ್ಚು ಕಾರಣ.

ಉಳವಿ ಎಂದೊಡನೆ ಬಯಲುಸೀಮೆಯವರಿಗೆ ನೆನಪಾಗುವುದು ಚನ್ನಬಸವಣ್ಣನವರ ಸಮಾಧಿ, ಮಾಘಮಾಸದ ಜಾತ್ರೆ, ಧಾರವಾಡ ಬೆಳಗಾವಿ ಕಡೆಯಿಂದ ದಾಂಡೇಲಿಯ ಕಾಡು ಹಾದು ಬರುವ ಚಕ್ಕಡಿಗಳ ಸಾಲು. ಜಾತ್ರೆ ಮುಗಿದ ಮೇಲೂ ಅಲ್ಲೇ ಉಳಿಯುವವರ ಕಣ್ಣಿಗೆ ಊರು ಬೇರೆಯೇ. ಸುತ್ತಲೂ ಕಾಡು, ನಡುನಡುವೆ ಭತ್ತದ ಗದ್ದೆ, ಅಡಿಕೆ ಬಾಳೆಯ ತೋಟ, ಕುಣಬಿಗಳ ಹಿತ್ತಿಲಿನಲ್ಲಿ ಬಗೆಬಗೆಯ ಗೆಡ್ಡೆಗಳು. ಜೋಯಿಡಾದಲ್ಲಿ ಗೆಡ್ಡೆ ಗೆಣಸುಗಳಿಗೆಂದೇ ಮೇಳ ನಡೆಯುತ್ತದೆ. ಗೆಡ್ಡೆಯ ರುಚಿ ಕಾಡುಹಂದಿಗೆ ಮನುಷ್ಯರಿಗಿಂತ ಚೆನ್ನಾಗಿ ಗೊತ್ತು. ಒಂದು ಹಿಂಡು ಒಂದು ರಾತ್ರಿ ಮೂತಿ ಹಾಕಿತೆಂದರೆ ಆ ವರ್ಷದ ಹಿತ್ತಿಲು ಉತ್ತಿಟ್ಟ ಹೊಲ. ಭತ್ತ ಹಾಲು ತುಂಬುವಾಗ ಕಾಟಿಗಳೂ ಇಳಿಯುತ್ತವೆ, ಕಡವೆ ಜಿಂಕೆಗಳೂ ಬರುತ್ತವೆ. ಹಗಲಿನ ಪಾಳಿ ಮಂಗಗಳದ್ದು.

ಆ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1956ರಲ್ಲಿ ದಾಂಡೇಲಿ ವನ್ಯಧಾಮವಾಯಿತು, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಎರಡೂ ಸೇರಿ 2007ರಲ್ಲಿ ಹುಲಿ ಯೋಜನೆಗೆ ಬಂದವು. 2015ರಲ್ಲಿ ನದಿಯ ಹೆಸರು ಬಂತು. ಕತ್ತಲಲ್ಲಿ ಬೇಲಿ ಸರಕ್ಕೆಂದಾಗ ಬಂದದ್ದು ಹಂದಿಯೇ ಇರಬೇಕೆಂದಿಲ್ಲ ಎಂಬುದು ಇಲ್ಲಿ ಬರಿ ಮಾತಲ್ಲ.

ಹೀಗಿದ್ದೂ ನಮ್ಮ ಕಾನೂನಿನ ಪುಸ್ತಕದಲ್ಲಿ ಮೂತಿಯಿಂದ ಮದ್ದು ತುಂಬುವ ಕೋವಿಗೆ ಒಂದು ಪ್ರತ್ಯೇಕ ಜಾಗವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಪರವಾನಗಿ ಕೊಡುವ ಬಗೆಯನ್ನು ಹೇಳುತ್ತ ಎರಡು ಬಗೆಯ ಕೋವಿಗಳ ಹೆಸರೆತ್ತುತ್ತದೆ. ಒಂದು, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆಂದು ಕೇಳುವ, ಕನಿಷ್ಠ 20 ಇಂಚು ನಳಿಗೆಯ, ಒಳಗೆ ನುಣುಪಾದ ಬಂದೂಕು. ಇನ್ನೊಂದು, ಪ್ರಾಮಾಣಿಕವಾಗಿ ಬೆಳೆ ಕಾಯಲೆಂದು ಕೇಳುವ ಕೇಪಿನ ಕೋವಿ. ಬೆಳೆ ರಕ್ಷಣೆಗೆ ಕೇಪಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು ಕೊಡಬಹುದು ಎಂಬ ಮಾತನ್ನೂ ಅಲ್ಲೇ ಸೇರಿಸಿದ್ದಾರೆ. ಅಂದರೆ ರೈತನಿಗೆ ಮೊದಲ ಪಂಕ್ತಿಯಲ್ಲಿ ಬಡಿಸಬೇಕಾದ್ದು ಕೇಪಿನ ಕೋವಿ ಎಂದೇ ಕಾಯ್ದೆ ಬರೆದವರು ತೀರ್ಮಾನಿಸಿದ್ದರು. ಪರವಾನಗಿ ಪುಸ್ತಕದಲ್ಲಿ ಅದು ಎಸ್‌ಬಿಎಂಎಲ್ ಅಥವಾ ಡಿಬಿಎಂಎಲ್: ಒಂಟಿ ನಳಿಗೆ, ಜೋಡು ನಳಿಗೆ. ಕೊಡಗಿನ ಸ್ಥಿತಿ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಉತ್ತರ ಕನ್ನಡದ ರೈತ ಮಾತ್ರ ಅರ್ಜಿ, ಪೊಲೀಸ್ ವರದಿ, ನವೀಕರಣ ಎಂದು ಕಚೇರಿ ಮೆಟ್ಟಿಲು ಹತ್ತಲೇಬೇಕು.

ಕಾಡಂಚಿನವನಿಗೆ ಇನ್ನೊಂದು ಮೆಟ್ಟಿಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನ ಪ್ರಕಾರ ವನ್ಯಧಾಮದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಸುತ್ತಳತೆಯಲ್ಲಿ ಕೋವಿ ಇಟ್ಟುಕೊಂಡವನು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಆ ಸುತ್ತಳತೆಯಲ್ಲಿ ಹೊಸ ಪರವಾನಗಿ ಕೊಡುವಂತಿಲ್ಲ. ಕೋವಿ ಕೈಯಲ್ಲಿದೆ ಎಂದಮಾತ್ರಕ್ಕೆ ಬೇಟೆಗೆ ಅನುಮತಿ ಇದೆ ಎಂದೂ ಅಲ್ಲ. ಬೇಟೆಯೇ ನಿಷಿದ್ಧ. ಬೆಳೆಗೆ ಹಾನಿ ಮಾಡುವ ಹಂದಿಯಂಥ ಪ್ರಾಣಿಯನ್ನು ಕೊಲ್ಲಬೇಕಾದರೂ 11ನೆಯ ಕಲಮಿನಡಿ ಲಿಖಿತ ಅಪ್ಪಣೆ ಬೇಕು; ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಗುಂಡು ತಪ್ಪಿ ಕಾಟಿಗೆ ತಗುಲಿದರೆ ಅದು ಮೊದಲನೆಯ ಅನುಸೂಚಿಯ ಪ್ರಾಣಿ. ಮೂರರಿಂದ ಏಳು ವರ್ಷ ಸೆರೆವಾಸ. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದರೆ ಅಪರಾಧವಲ್ಲ ಎಂಬ ರಿಯಾಯಿತಿಯೂ ಇದೆ. ಆದರೆ ಅದನ್ನು ಸಾಬೀತು ಮಾಡಬೇಕಾದ್ದು ಗದ್ದೆಯಲ್ಲಲ್ಲ, ನ್ಯಾಯಾಲಯದಲ್ಲಿ.

ಕಾಯ್ದೆಯ ಬಾಯಲ್ಲಿ ‘ನುಣುಪು ನಳಿಗೆ’ ಎಂಬ ಮಾತು ಯಾಕೆ ಮತ್ತೆ ಮತ್ತೆ ಬರುತ್ತದೆ? ಅದಕ್ಕೆ ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕು.

ನಮ್ಮ ಕಡೆಯವರಿಗೆ ಕೋವಿ ಹೊಸದೇನೂ ಆಗಿರಲಿಲ್ಲ. ಜೋಯಿಡಾಕ್ಕೆ ಬೆನ್ನು ಕೊಟ್ಟು ನಿಂತ ಗೋವೆಯನ್ನು ಪೋರ್ಚುಗೀಸರು 1510ರಲ್ಲಿ ಹಿಡಿದಾಗ ಅಲ್ಲಿ ಕೋವಿ ಮಾಡುವ ಕಮ್ಮಾರರು ಆಗಲೇ ಇದ್ದರು. ಅವರ ಕೆಲಸ ಬೊಹೀಮಿಯದವರ ಕೆಲಸಕ್ಕೆ ಕಡಿಮೆಯಿಲ್ಲವೆಂದು ಅಲ್ಬುಕರ್ಕ್ 1513ರಲ್ಲಿ ತನ್ನ ದೊರೆಗೆ ಪತ್ರ ಬರೆದ. ಅವೆಲ್ಲ ಬತ್ತಿ ಕೋವಿಗಳು. ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸಿ ಹಾರಿಸುವಂಥವು. ಬತ್ತಿ ಹೋಗಿ ಚಕಮಕಿ ಕಲ್ಲು ಬಂತು. ಕಲ್ಲು ಹೋಗಿ ಕೇಪು ಬಂದದ್ದರ ಹಿಂದೆ ಒಬ್ಬ ಪಾದ್ರಿಯ ಬೇಟೆ ಹುಚ್ಚಿದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಧರ್ಮಗುರುವಿಗೆ ಬಾತುಕೋಳಿ ಹೊಡೆಯುವ ಖಯಾಲಿ. ಕಲ್ಲಿನ ಕಿಡಿ ಹಾರಿದ ಬೆಳಕಿಗೇ ಹಕ್ಕಿಗಳು ಎಚ್ಚೆತ್ತು ಮುಳುಗಿಬಿಡುತ್ತಿದ್ದವು. ಪೆಟ್ಟು ಬಿದ್ದರೆ ಉರಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯವನ್ನು ಆತ 1807ರಲ್ಲಿ ಪೇಟೆಂಟ್ ಮಾಡಿಸಿದ. ಅದೇ ಮುಂದೆ ತಾಮ್ರದ ಪುಟ್ಟ ಟೊಪ್ಪಿಗೆಯಾಗಿ, ಮಲೆನಾಡಿನ ಬಾಯಲ್ಲಿ ‘ಕೇಪು’ ಆಗಿ ಉಳಿಯಿತು.

ನಳಿಗೆಯೊಳಗಿನ ಕ್ರಾಂತಿ ಇನ್ನೊಂದು. ನಳಿಗೆಯ ಒಳಗೋಡೆಗೆ ತಿರುಪಿನಂತೆ ಗೀರು ಕೊರೆದರೆ ಗುಂಡು ಬುಗುರಿಯ ಹಾಗೆ ಸುತ್ತುತ್ತ ಹೊರಡುತ್ತದೆ, ಗುರಿ ತಪ್ಪುವುದಿಲ್ಲ. ಇದು ಶತಮಾನಗಳಿಂದ ಗೊತ್ತಿತ್ತು. ತೊಂದರೆ ಇದ್ದದ್ದು ತುಂಬುವುದರಲ್ಲಿ. ಗೀರಿಗೆ ಕಚ್ಚುವಷ್ಟು ಬಿಗಿಯಾದ ಗುಂಡನ್ನು ಮೂತಿಯಿಂದ ತಳದವರೆಗೆ ಗಜದಲ್ಲಿ ಗುದ್ದಿ ಇಳಿಸಬೇಕು. ಯುದ್ಧದಲ್ಲಿ ಅಷ್ಟು ಪುರಸೊತ್ತು ಯಾರಿಗಿದೆ? 1849ರ ಹೊತ್ತಿಗೆ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಇದಕ್ಕೆ ಉತ್ತರ ಕಂಡ. ಅವನ ಗುಂಡು ಶಂಕುವಿನಾಕಾರದ್ದು, ಬುಡ ಟೊಳ್ಳು. ನಳಿಗೆಗಿಂತ ಸ್ವಲ್ಪ ಸಣ್ಣದಾದ್ದರಿಂದ ಸಲೀಸಾಗಿ ಇಳಿಯುತ್ತದೆ. ಮದ್ದು ಹೊತ್ತಿದಾಗ ಅನಿಲದ ಒತ್ತಡಕ್ಕೆ ಬುಡ ಅರಳಿ ಗೀರುಗಳನ್ನು ಕಚ್ಚುತ್ತದೆ. ಇದೇ ತತ್ತ್ವದ ಮೇಲೆ ಬ್ರಿಟಿಷರು 1853ರ ಎನ್‌ಫೀಲ್ಡ್ ಬಂದೂಕು ತಂದರು.

ಆ ಎನ್‌ಫೀಲ್ಡಿನ ಗುಂಡು 1857ರಲ್ಲಿ ಭಾರತದಲ್ಲಿ ಏನು ಮಾಡಿತೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಕೊಬ್ಬು ಸವರಿದ ಕಾಗದ ಅಲ್ಲಿ ಯಾಕಿತ್ತೆಂಬುದನ್ನು ಪಾಠಪುಸ್ತಕ ಅಷ್ಟಾಗಿ ಹೇಳುವುದಿಲ್ಲ. ಕರಿಮದ್ದು ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಕಿಟ್ಟದ ರೂಪದ ಘನವಸ್ತುವಾಗಿಯೇ ಉಳಿಯುತ್ತದೆ. ನಾಲ್ಕಾರು ಈಡು ಹೊಡೆಯುವಷ್ಟರಲ್ಲಿ ನಳಿಗೆಯ ಒಳಗೆ ಗಟ್ಟಿ ಮಸಿ ಕಟ್ಟಿ ಮುಂದಿನ ಗುಂಡು ಇಳಿಯುವುದಿಲ್ಲ. ಆ ಮಸಿಯನ್ನು ಮೆತ್ತಗಿಡುವುದು ಜಿಡ್ಡಿನ ಕೆಲಸ. ಸಿಪಾಯಿ ಕಾಗದವನ್ನು ಹಲ್ಲಿನಲ್ಲಿ ಹರಿದು ಮದ್ದು ಸುರಿದು, ಉಳಿದ ಜಿಡ್ಡು ಕಾಗದದ ಸಮೇತ ಗುಂಡನ್ನು ನಳಿಗೆಗೆ ತಳ್ಳಬೇಕಿತ್ತು. ಕಾಗದವೇ ಗುಂಡಿನ ಅಂಗಿ. ಇಂದಿನ ಪ್ಲಾಸ್ಟಿಕ್ ಸ್ಯಾಬೊ ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಅಂದು ಅದು ಮಾಡುತ್ತಿತ್ತು.

1857ರಿಂದ ಬ್ರಿಟಿಷರು ಎರಡು ಪಾಠ ಕಲಿತರು. ಜನರ ಕೈಯಿಂದ ಆಯುಧ ಕಿತ್ತುಕೊಳ್ಳಬೇಕು ಎಂಬುದು ಒಂದು. ಅದೇ ವರ್ಷದ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ನವೆಂಬರಿನಲ್ಲಿ ಎದ್ದರು. ಡಿಸೆಂಬರಿನಲ್ಲಿ ಅವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಅವರ ಕತೆ ಲಾವಣಿಯಾಗಿ ಇಂದಿಗೂ ಇದೆ. ಮರುವರ್ಷ ಜೋಯಿಡಾದ ಈ ಕಾಡಿನಲ್ಲೇ, ಅಂದಿನ ಸೂಪಾ ಸೀಮೆಯಲ್ಲಿ, ಫಡ್ನೀಸ್ ಸೋದರರೂ ಸಿದ್ದಿ ಬಸ್ತ್ಯಾಂವನೂ ಬಂಡೆದ್ದು 1859ರವರೆಗೆ ಗಡಿಯ ಗುಡ್ಡಗಳಲ್ಲಿ ಸರ್ಕಾರಕ್ಕೆ ನಿದ್ದೆಗೆಡಿಸಿದರು. ಹಳೆಯ ಸೂಪಾ ಪೇಟೆ ಈಗ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಇದೆ.

ಎರಡನೆಯ ಪಾಠ ಕುತೂಹಲದ್ದು. ದೇಶಿ ಸಿಪಾಯಿಗಳಿಗೆಂದು 1858ರ ಮಾದರಿಯೊಂದು ಬಂತು. ನೋಡಲು ಎನ್‌ಫೀಲ್ಡೇ, ಆದರೆ ಒಳಗಿನ ತಿರುಪು ಗೀರು ಇಲ್ಲ. ನಳಿಗೆಯನ್ನು 0.577 ಇಂಚಿನಿಂದ 0.656 ಇಂಚಿಗೆ ಅಗಲಿಸಿ ನುಣುಪು ಮಾಡಿದ್ದರು. ಗೋರಾ ಸೋಲ್ಜರನ ಬಂದೂಕು ದೂರಕ್ಕೆ ಗುರಿಯಿಡಬೇಕು, ಕರಿಯ ಸಿಪಾಯಿಯದು ಇಡಬಾರದು ಎಂಬುದು ಲೆಕ್ಕಾಚಾರ. ಗೀರಿನ ನಳಿಗೆಯ ಮೇಲಿನ ಆ ಅನುಮಾನ 1878ರ ಶಸ್ತ್ರ ಕಾಯ್ದೆಯನ್ನೂ ದಾಟಿ, ಸ್ವತಂತ್ರ ಭಾರತದ ಕಾಯ್ದೆಯಲ್ಲೂ ಒಂದಿಷ್ಟು ಉಳಿದುಬಂದಿದೆ ಎಂದರೆ ತಪ್ಪಾಗಲಾರದು. ಅಮೆರಿಕದ ಬೇಟೆಗಾರನಿಗೆ ಸ್ಯಾಬೊ ಚಿಂತೆ ಇದ್ದು ಉಳವಿಯ ರೈತನಿಗೆ ಇಲ್ಲದಿರುವುದರ ಮೂಲ ಇದು. ಗೀರಿಲ್ಲದ ನಳಿಗೆಯಲ್ಲಿ ಸ್ಯಾಬೊ ಗುಂಡಿಗೆ ಸುತ್ತು ಸಿಗುವುದಿಲ್ಲ. ಸುತ್ತು ಸಿಗದ ಉದ್ದನೆಯ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ.

ಹಾಗಾದರೆ ಸ್ಯಾಬೊ ಮಾಡುವುದೇನು? ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ 50 ಕ್ಯಾಲಿಬರಿನ ಕೋವಿ ಎಂದರೆ ನಳಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದಕ್ಕೆ ಹಳೆಯ ಕಾಲದ ಸೀಸದ ಉಂಡೆ ಹಾಕಿದರೆ ತೂಕ ಸುಮಾರು 11.5 ಗ್ರಾಂ. ಉಂಡೆಗೆ ಜಿಡ್ಡು ಸವರಿದ ಬಟ್ಟೆ ಸುತ್ತಿ ಇಳಿಸುತ್ತಾರೆ. ಬಟ್ಟೆ ಗೀರು ಹಿಡಿದು ಉಂಡೆಯನ್ನು ತಿರುಗಿಸುತ್ತದೆ. ಐವತ್ತು ಗಜದೊಳಗೆ ಇದು ನೆಚ್ಚಬಹುದಾದ ಗುಂಡು. ಆದರೆ ಉಂಡೆಯಾಕಾರ ಗಾಳಿಗೆ ಎದೆ ಕೊಟ್ಟೇ ಓಡಬೇಕು. ನೂರು ಗಜ ದಾಟುವ ಹೊತ್ತಿಗೆ ಹೊರಟ ವೇಗದ ಹತ್ತಿರಹತ್ತಿರ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ. ನಳಿಗೆ ತುಂಬ ಕೂರುವ ಸೀಸದ ಶಂಕುಗುಂಡು 23ರಿಂದ 26 ಗ್ರಾಂ ತೂಗುತ್ತದೆ. ಅದು ಆಳಕ್ಕೆ ಇಳಿಯುತ್ತದೆ, ಆದರೆ ನಿಧಾನ. ಭುಜಕ್ಕೆ ಒದೆತವೂ ಜೋರು. ಇವೆರಡರ ನಡುವೆ ದಾರಿ ಹುಡುಕಿದವರಿಗೆ ಹೊಳೆದದ್ದು ಹೀಗೆ: ನಳಿಗೆಗಿಂತ ಸಪುರವಾದ, 11.5 ಮಿ.ಮೀ. ಅಡ್ಡಳತೆಯ, 16 ಗ್ರಾಂ ಆಸುಪಾಸಿನ ಪಿಸ್ತೂಲಿನ ಗುಂಡನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸುವುದು. ಬಟ್ಟಲು ನಳಿಗೆಯನ್ನು ತುಂಬುತ್ತದೆ, ಅನಿಲ ಸೋರದಂತೆ ತಡೆಯುತ್ತದೆ, ಗೀರು ಕಚ್ಚಿ ಗುಂಡನ್ನೂ ತಿರುಗಿಸುತ್ತದೆ. ಮೂತಿ ದಾಟಿದ್ದೇ ಬಟ್ಟಲಿನ ಎಸಳುಗಳು ಗಾಳಿಗೆ ಅರಳಿ ಹಿಂದೆ ಬೀಳುತ್ತವೆ. ಗುಂಡು ಒಂಟಿಯಾಗಿ ಮುಂದೆ ಹೋಗುತ್ತದೆ.

ಸೇನೆಗೆ ಇದು ಪರಿಚಿತ ವಿದ್ಯೆ. ನಮ್ಮ ಅರ್ಜುನ್ ಟ್ಯಾಂಕಿನ 120 ಮಿ.ಮೀ. ತೋಪು ಹಾರಿಸುವ ರಕ್ಷಾಕವಚ ಭೇದಕ ಬಾಣವೂ ಹೀಗೇ ಸ್ಯಾಬೊ ತೊಟ್ಟು ಹೊರಟು ದಾರಿಯಲ್ಲಿ ಅದನ್ನು ಕಳಚುತ್ತದೆ. ಬೇಟೆಗಾರರಲ್ಲಿ ಇದು ಹಬ್ಬಿದ್ದು 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಬ ಕೋವಿ ತಯಾರಕ ಎಂಕೆ-85 ಎಂಬ ಹೊಸ ಬಗೆಯ ಕೇಪಿನ ಕೋವಿ ಮಾರುಕಟ್ಟೆಗೆ ತಂದ ಮೇಲೆ. ಕೇಪು ಪಕ್ಕದಲ್ಲಿ ಕೂರುವ ಬದಲು ನಳಿಗೆಯ ನೇರ ಹಿಂದೆ ಕೂತಿತು. ಮದ್ದು ಹೊತ್ತುವುದು ಖಾತರಿಯಾಯಿತು. ಅಲ್ಲಿನ ಹಲವು ರಾಜ್ಯಗಳು ಕೇಪಿನ ಕೋವಿಯವರಿಗೆಂದೇ ಬೇರೆ ಬೇಟೆ ಹಂಗಾಮು ಕೊಡುವುದರಿಂದ ವ್ಯಾಪಾರವೂ ಕುದುರಿತು.

ಆದರೆ ಬಟ್ಟಲು ಕೊಂಡು ತಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗೀರು ಎಷ್ಟು ಉದ್ದಕ್ಕೆ ಒಂದು ಸುತ್ತು ಹಾಕುತ್ತದೆ ಎಂಬುದು ಮುಖ್ಯ. ಉಂಡೆಗೆ 66 ಇಂಚಿಗೊಂದು ಸುತ್ತು ಸಾಕು. ಉದ್ದನೆಯ ಗುಂಡಿಗೆ ಬಿಗಿ ಸುತ್ತು ಬೇಕು. ಸ್ಯಾಬೊ ಕೋವಿಗಳಲ್ಲಿ ಸಾಮಾನ್ಯವಾಗಿ 28 ಇಂಚಿಗೊಂದು. ಗುಂಡು ಉದ್ದವಾದಷ್ಟೂ ಸುತ್ತು ಬಿಗಿಯಾಗಬೇಕೆಂಬುದನ್ನು ಗ್ರೀನ್‌ಹಿಲ್ ಎಂಬ ಗಣಿತಜ್ಞ 1879ರಲ್ಲೇ ಸೂತ್ರ ಮಾಡಿಟ್ಟಿದ್ದ. 1970ರಲ್ಲಿ ಬಂದ ಒಂದು ಜನಪ್ರಿಯ ಮಾದರಿ ಎಲ್ಲರನ್ನೂ ಸಮಾಧಾನ ಮಾಡಲು 48 ಇಂಚಿನ ಸುತ್ತು ಇಟ್ಟುಕೊಂಡಿತು. ಎರಡೂ ಕಡೆಯವರು ಅದನ್ನು ಬಯ್ಯುತ್ತಲೇ ಕೊಂಡರು. ಬಟ್ಟಲು ತೆಳ್ಳಗಿದ್ದರೆ ಮದ್ದಿನ ಬಿಸಿಗೆ ಕರಗಿ ಗುರಿ ಕೆಡುತ್ತದೆ, ದಪ್ಪಗಿದ್ದರೆ ಗಜ ಇಳಿಯುವುದಿಲ್ಲ. ಬಿಸಿಯಾದ ನಳಿಗೆಯಲ್ಲಿ ಪ್ಲಾಸ್ಟಿಕ್ ಸವೆದು ಅಂಟಿಕೊಳ್ಳುತ್ತದೆ. ಒಂದೇ ಕಾರ್ಖಾನೆಯ ಎರಡು ಕೋವಿಗಳಿಗೂ ಒಂದೇ ಬಟ್ಟಲು ಹೊಂದಲೇಬೇಕೆಂದಿಲ್ಲ. ಆದ್ದರಿಂದಲೇ ಅಲ್ಲಿನ ಅನುಭವಿಗಳು ಹೇಳುವ ಬುದ್ಧಿಮಾತು ಒಂದೇ: ಹಂಗಾಮಿಗೆ ಮೊದಲು ಕಾಗದದ ಗುರಿಗೆ ಹೊಡೆದು ನೋಡು, ಕೋವಿ ಯಾವುದನ್ನು ಒಪ್ಪುತ್ತದೋ ಅದನ್ನೇ ಹಾಕು. ವರ್ಷಕ್ಕೆ ಇಷ್ಟೇ ಮದ್ದು, ಇಷ್ಟೇ ಕೇಪು ಎಂದು ಪರವಾನಗಿ ಪುಸ್ತಕದಲ್ಲಿ ಬರೆಸಿಕೊಂಡ ನಮ್ಮ ರೈತನಿಗೆ ಹಾಗೆ ಪರೀಕ್ಷೆ ಮಾಡಿ ಕೂರುವ ಐಷಾರಾಮ ಎಲ್ಲಿದೆ?

ಎಲ್ಲ ಕಡೆಯೂ ಸ್ಯಾಬೊಗೆ ಸ್ವಾಗತವಿಲ್ಲ ಎಂಬುದೂ ನಿಜ. ಕೊಲೊರಾಡೊ ರಾಜ್ಯ ಕೇಪಿನ ಕೋವಿಯ ಹಂಗಾಮಿನಲ್ಲಿ ಸ್ಯಾಬೊವನ್ನು, ದುರ್ಬೀನನ್ನು, ಹೊಗೆಯಿಲ್ಲದ ಮದ್ದನ್ನು ನಿಷೇಧಿಸಿದೆ. ಹಳೆಯ ಕೋವಿಯ ಹೆಸರಿನಲ್ಲಿ ಹಂಗಾಮು ಪಡೆದವನು ಹತ್ತಿರ ಹೋಗಿ ಹೊಡೆಯಲಿ ಎಂಬುದು ಆ ನಿಯಮದ ಧೋರಣೆ. ನಿಷೇಧದಿಂದಲೇ ಬೇಟೆ ನ್ಯಾಯವಾಗುತ್ತದೆಯೋ ಇಲ್ಲವೋ, ದೂರದಿಂದ ಗಾಯಮಾಡಿ ಬಿಡುವ ಪ್ರಾಣಿಗಳ ಸಂಖ್ಯೆ ಇಳಿಯಬಹುದು.

ಗೀರಿಲ್ಲದ ನಮ್ಮ ಕಡೆಯ ಕೇಪಿನ ಕೋವಿಗೆ ಒಗ್ಗುವುದು ಉಂಡೆ ಗುಂಡು ಮತ್ತು ಚರೆ ಮಾತ್ರ. ಉಂಡೆಯ ಲೆಕ್ಕ ‘ಬೋರ್’ ಎಂಬ ಮಾತಿನಲ್ಲೇ ಅಡಗಿದೆ. ಒಂದು ಪೌಂಡ್ ಸೀಸದಲ್ಲಿ 12 ಸಮ ಉಂಡೆ ಮಾಡಿದರೆ ಒಂದೊಂದೂ ಸರಿಯಾಗಿ ಕೂರುವ ನಳಿಗೆ 12 ಬೋರ್, 18.5 ಮಿ.ಮೀ. ಅಗಲ, ಉಂಡೆಯ ತೂಕ ಸುಮಾರು 38 ಗ್ರಾಂ. 16 ಬೋರಿನದು 16.8 ಮಿ.ಮೀ., 28 ಗ್ರಾಂ. ಅಗಲದಲ್ಲಿ ಒಂದೂಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ, ತೂಕದಲ್ಲಿ ಹತ್ತು ಗ್ರಾಂ! ಸಿಪಾಯಿಗಳಿಗೆ ಕೊಟ್ಟ ಆ ನುಣುಪು ಎನ್‌ಫೀಲ್ಡ್ ಹೆಚ್ಚುಕಡಿಮೆ 16 ಬೋರಿನದೇ. ನಳಿಗೆಗಿಂತ ಉಂಡೆ ಸಣ್ಣದಾದರೆ ಅದು ಗೋಡೆಗೆ ಬಡಿಯುತ್ತ ಹೊರಡುತ್ತದೆ. ಕೊನೆಯ ಬಡಿತ ಎತ್ತ ದೂಡಿತೋ ಅತ್ತ ಹೋಗುತ್ತದೆ. ಬಟ್ಟೆ ಸುತ್ತಿ ಬಿಗಿ ಮಾಡಿದರೆ ನುಣುಪು ನಳಿಗೆಯೂ ಹತ್ತಿರದ ಗುರಿಗೆ ಮೋಸ ಮಾಡುವುದಿಲ್ಲ.

ಚರೆಯ ಆಕರ್ಷಣೆ ಬೇರೆ. ಕತ್ತಲಲ್ಲಿ ಗುರಿ ಸರಿಯಾಗಿ ಕಾಣದವನಿಗೆ ಒಂದಕ್ಕಿಂತ ಎಂಟು ಕಾಳು ಮೇಲು ಅನ್ನಿಸುತ್ತದೆ. ತೋಟಾ ಕೋವಿಯವರ ಬಾಯಲ್ಲಿ ಓಡಾಡುವ ಎಲ್‌ಜಿ, ಎಸ್‌ಜಿ, ಬಿಬಿಗಳೆಲ್ಲ ಬ್ರಿಟಿಷರ ಕಾಲದ ಅಳತೆಗಳು. ಎಲ್‌ಜಿ ಕಾಳು 9.1 ಮಿ.ಮೀ., ಒಂದು ಔನ್ಸಿಗೆ ಆರು, ಎಸ್‌ಜಿ 8.4 ಮಿ.ಮೀ., ಎಂಟು, ಬಿಬಿ 4 ಮಿ.ಮೀ., ಎಪ್ಪತ್ತು, ಹಕ್ಕಿ ಹೊಡೆಯುವ ಆರನೇ ನಂಬರು 270. ಕಾಳು ಸಣ್ಣದಾದಷ್ಟೂ ಹರವು ಹೆಚ್ಚು, ಪೆಟ್ಟು ಕಡಿಮೆ. ಕಾಡುಹಂದಿಯ ಭುಜದ ಮೇಲಿನ ಚರ್ಮ ದಪ್ಪ, ಕೆಸರು ಮೆತ್ತಿಕೊಂಡಾಗ ಇನ್ನೂ ದಪ್ಪ. ದೂರದಿಂದ ಬಿಬಿ ಹೊಡೆದರೆ ಹಂದಿ ಸಾಯುವುದಿಲ್ಲ, ಗಾಯಗೊಂಡು ಪೊದೆ ಸೇರುತ್ತದೆ. ಮರುದಿನ ಸೊಪ್ಪಿಗೋ ಸೌದೆಗೋ ಆ ದಾರಿಯಲ್ಲಿ ಹೋದವರು ಅದರ ಕೋರೆಗೆ ಎದುರಾಗಬೇಕು. ಚರೆ ಸಿಗದಾಗ ಸೈಕಲ್ಲಿನ ಬೇರಿಂಗ್ ಗುಂಡು, ಮೊಳೆಯ ಚೂರು, ಕಬ್ಬಿಣದ ತುಂಡು ತುಂಬುವ ಚಾಳಿಯೂ ಇದೆ. ಸೀಸ ಮೆತ್ತಗಿದ್ದು ನಳಿಗೆಗೆ ಒಗ್ಗಿಕೊಳ್ಳುತ್ತದೆ. ಉಕ್ಕು ಒಗ್ಗುವುದಿಲ್ಲ, ಒಳಗೋಡೆಯನ್ನು ಕೆರೆದು ಹಾಳುಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಗುರಿಯ ತಪ್ಪಲ್ಲ, ಗುರುತಿನ ತಪ್ಪು. ಹಂದಿಯೆಂದು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಇಂದಿಗೂ ಅಪರೂಪವಲ್ಲ. ಕಾಳು ಯಾವುದಾದರೇನು, ಟಾರ್ಚಿನ ಬೆಳಕಿನಲ್ಲಿ ಮೈಪೂರ್ತಿ ಕಾಣದ ಆಕೃತಿಗೆ ಹೊಡೆಯುವುದು ಗುಂಡಿನ ಆಯ್ಕೆಯಿಂದ ಸರಿಹೋಗುವ ತಪ್ಪಲ್ಲ.

ಕನ್ನಡದ ಬಹುಪಾಲು ಓದುಗರಿಗೆ ಈ ಕೋವಿಯ ಪರಿಚಯವಾದದ್ದು ಕಾಡಿನಲ್ಲಲ್ಲ, ಪುಸ್ತಕದಲ್ಲಿ. 1936ರ ‘ಕಾನೂರು ಹೆಗ್ಗಡಿತಿ’ಯಿಂದ ಹಿಡಿದು ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕತೆಗಳವರೆಗೆ ಕೋವಿ ಒಂದು ಪಾತ್ರವಾಗಿಯೇ ಬರುತ್ತದೆ. ಆ ಪುಟಗಳ ಬೇಟೆಗಾರನಿಗೆ ಇದ್ದ ಕಾಡೂ ಈಗ ಇಲ್ಲ, ಕಾನೂನೂ ಇಲ್ಲ. ಓದುವ ಸುಖಕ್ಕೆ ಅಡ್ಡಿಯಿಲ್ಲ. ಅದನ್ನು ಓದಿ ಕೋವಿ ಹೆಗಲೇರಿಸಿದರೆ ಅಡ್ಡಿಯಿದೆ.

ಸೀಸದ ಬಗ್ಗೆ ಇನ್ನೊಂದು ಮಾತು. ಅದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಡುಗೆ ಒಲೆಯ ಕೆಂಡವೂ ಕೊಡಬಲ್ಲ ಬಿಸಿ. ಊರೂರಿನಲ್ಲಿ ಅಚ್ಚಿಗೆ ಎರೆದು ಗುಂಡು ಮಾಡಿಕೊಳ್ಳಲು ಸಾಧ್ಯವಾದದ್ದು ಇದರಿಂದಲೇ. ಆದರೆ ಅದರ ಹೊಗೆಯೂ ಪುಡಿಯೂ ವಿಷ, ಮಕ್ಕಳಿಗೆ ಇನ್ನೂ ಹೆಚ್ಚು. ಗುಂಡು ಮಾಂಸದೊಳಗೆ ಸಾಸಿವೆಗಿಂತ ಸಣ್ಣ ಚೂರುಗಳಾಗಿ ಚೆದುರುತ್ತದೆ. ಬಿಟ್ಟುಹೋದ ಹೆಣ ತಿಂದ ಹದ್ದುಗಳಿಗೂ ವಿಷ ದಾಟುತ್ತದೆ. ಅಳಿವಿನಂಚಿನ ಕಾಂಡೋರ್ ಹದ್ದುಗಳು ಹೀಗೆ ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿತು. ಈಗ ಅಲ್ಲಿ ತಾಮ್ರದ ಗುಂಡು. ತಾಮ್ರ ಗಟ್ಟಿ, ಮೂತಿಯಿಂದ ಗುದ್ದಿದರೆ ಗೀರು ಕಚ್ಚುವುದಿಲ್ಲ. ಕೇಪಿನ ಕೋವಿಯಲ್ಲಿ ಅದನ್ನು ಬಳಸಲು ಸಾಧ್ಯವಾಗಿರುವುದು ಮುಖ್ಯವಾಗಿ ಪ್ಲಾಸ್ಟಿಕ್ ಬಟ್ಟಲಿನ ದಯೆಯಿಂದ.

ಉಳವಿಯ ಮಳೆಗಾಲದಲ್ಲಿ ಇದೆಲ್ಲಕ್ಕಿಂತ ಮೇಲಿನ ಪ್ರಶ್ನೆ, ಈಡು ಹಾರುತ್ತದೆಯೋ ಇಲ್ಲವೋ ಎಂಬುದು. ಉರಿದ ಮದ್ದಿನ ಮಸಿ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಬಿಡಬೇಕು. ಕೇಪು ಟಪ್ಪೆಂದು ಮದ್ದು ಹೊತ್ತದಿದ್ದರೆ ಮೂತಿಯನ್ನು ಗುಡ್ಡದ ಕಡೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು. ಒಳಗೆ ಹೊಗೆಯಾಡುತ್ತಿದ್ದ ಮದ್ದು ತಡವಾಗಿ ಹೊತ್ತಬಹುದು. ಗುಂಡು ಮದ್ದಿಗೆ ತಾಗಿ ಕೂರದೆ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರೆ ಅದು ಗುಂಡಲ್ಲ, ಬಿರಡೆ. ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ತುಂಬಿದ್ದು ಮರೆತು ಇನ್ನೊಮ್ಮೆ ತುಂಬಿದರೂ ಅದೇ ಗತಿ. ಜಾಣರು ಗಜದ ಮೇಲೆ ಎರಡು ಗುರುತು ಮಾಡಿಕೊಳ್ಳುತ್ತಾರೆ: ಖಾಲಿ ಇದ್ದಾಗ ಎಲ್ಲಿಯವರೆಗೆ ಇಳಿಯುತ್ತದೆ, ತುಂಬಿದ್ದಾಗ ಎಲ್ಲಿಯವರೆಗೆ.

ಹೀಗೆ ಲೆಕ್ಕ ಹಾಕುತ್ತ ಹೋದರೆ ಕಾಡಂಚಿನ ಗದ್ದೆಗೆ ಹೆಚ್ಚು ಸಲ ಸರಿಹೊಂದುವುದು ಗುಂಡೂ ಅಲ್ಲ ಚರೆಯೂ ಅಲ್ಲ, ಬರಿ ಮದ್ದಿನ ಈಡು. ಬಂದದ್ದು ಹಂದಿಯಾದರೂ ಕಾಟಿಯಾದರೂ ಸದ್ದು ಎರಡಕ್ಕೂ ಒಂದೇ. ತಪ್ಪು ಪ್ರಾಣಿಗೆ ತಗುಲುವ ಭಯವಿಲ್ಲ, ಪಕ್ಕದ ಮಾಳದವನ ಜೀವಕ್ಕೆ ಅಪಾಯವಿಲ್ಲ. ಸದ್ದಿಗೆ ಪ್ರಾಣಿಗಳು ಬೇಗ ಒಗ್ಗಿಕೊಳ್ಳುತ್ತವೆ ಎಂಬ ದೂರು ಸುಳ್ಳಲ್ಲ. ಮಂಗಗಳಂತೂ ಎರಡು ದಿನ ಓಡಿ ಮೂರನೆಯ ದಿನ ಮರದಲ್ಲೇ ಕೂತು ನೋಡುತ್ತವೆ. ಆದ್ದರಿಂದ ಸೋಲಾರ್ ಬೇಲಿ, ಡಬ್ಬದ ಸದ್ದು, ನಾಯಿ, ಕೋವಿ ಎಲ್ಲವೂ ಸರದಿಯಲ್ಲಿ ನಡೆಯುತ್ತವೆ. ಹಂದಿಗೆಂದು ಹಿಟ್ಟಿನಲ್ಲಿ ಸಿಡಿಮದ್ದು ಅಡಗಿಸಿಡುವ ನಾಡಬಾಂಬಿಗೆ ಹೋಲಿಸಿದರೆ ಕೇಪಿನ ಕೋವಿ ಎಷ್ಟೋ ವಾಸಿ; ಆ ಬಾಂಬು ದನದ ಬಾಯನ್ನೂ ಸೀಳುತ್ತದೆ, ಆನೆಯದನ್ನೂ. ಪಕ್ಕದ ಕೇರಳ 2022ರಲ್ಲಿ ಉಪದ್ರವದ ಹಂದಿಗಳನ್ನು ಕೊಲ್ಲಿಸುವ ಅಪ್ಪಣೆಯ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರ ಕೈಗೇ ಕೊಟ್ಟಿತು. ಅಲ್ಲಿ ಹೊಡೆಯುವವರು ಪರವಾನಗಿ ಇರುವ ಆಯ್ದ ಗುರಿಕಾರರು, ಪ್ರತಿ ರೈತನೂ ಅಲ್ಲ.

ಇಷ್ಟರ ಮೇಲೆ ಚುನಾವಣೆ ಬರುತ್ತದೆ. ನೀತಿಸಂಹಿತೆ ಜಾರಿಯಾದೊಡನೆ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸುವಂತೆ ಆದೇಶ ಹೊರಡುತ್ತದೆ. ಬೆಳೆ ಕಾಯುವವರಿಗೆ ವಿನಾಯಿತಿ ಕೊಡಿ ಎಂದು ಮಲೆನಾಡಿನ ರೈತರು ಪ್ರತಿ ಸಲವೂ ಕೇಳುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬಾಳೆ, ಗೆಡ್ಡೆ, ಅಡಿಕೆಯ ಎಳೆಗಾಯಿ ಎಲ್ಲ ಈ ಅವಧಿಯಲ್ಲಿ ಮಂಗ ಹಂದಿಗಳ ಪಾಲಿಗೆ ತೆರೆದ ಬಾಗಿಲು. ಠಾಣೆಗೆ ಒಯ್ಯುವ ಕೋವಿಯ ನಳಿಗೆ ಖಾಲಿ ಇರಬೇಕು. ಸಂಜೆ ತುಂಬಿ ಬೆಳಗಿನವರೆಗೂ ಹಾರದೆ ಉಳಿದ ಈಡನ್ನು ತೆಗೆಯಲು ಇರುವುದು ಎರಡೇ ದಾರಿ: ಗಜದ ತುದಿಗೆ ತಿರುಪು ಮೊಳೆ ಸಿಕ್ಕಿಸಿ ಸೀಸಕ್ಕೆ ಕೊರೆದು ಎಳೆಯುವುದು, ಅಥವಾ ಕೇಪು ಹಾಕಿ ಮಣ್ಣಿನ ದಿಬ್ಬಕ್ಕೆ ಹಾರಿಸುವುದು. ಎಳೆಯಲು ಹೊರಟವನು ಮೊದಲು ತೊಟ್ಟಿನ ಮೇಲಿನ ಕೇಪು ತೆಗೆದು, ಮದ್ದು ಒದ್ದೆಯಾಗುವಷ್ಟು ನೀರು ಬಿಡಬೇಕು; ಬಟ್ಟೆಯ ಬಿಗಿತ ಒಮ್ಮೆಗೇ ಬರುವುದಿಲ್ಲ, ಹರಿದು ಹರಿದು ಬರುತ್ತದೆ. ಹಾರಿಸುವವನ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ನಳಿಗೆ ತೊಳೆಯುವ ಕೆಲಸ ಇಬ್ಬರಿಗೂ ಇದ್ದದ್ದೇ.